ಹಸನಾಕರ ಪಂಪು, ನಮ್ಮ ಕಂಪ್ರೆಸರು

ತಂಗಿಯ ಮಗಳು ಶರಲ್ ಉಡುಪಿಯಲ್ಲಿ ಸೈಕಲ್ ಅಂಗಡಿ ತೆರೆಯುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ, “ಮಾಮ, ಒಂದು ಡೌಟ್. ಗಾಳಿ ಹಾಕ್ಲಿಕ್ಕೆ ಕಂಪ್ರೆಸರ್ ತೆಗೊಳ್ಳುದಾ, ಕೈಪಂಪ್ ಸಾಕಾ? ಸಿಂಪಲ್ ಆನ್ಸರ್ ಕೊಡಿ,” ಎಂದಳು. ಇಪ್ಪತ್ತಾರು ವರ್ಷ ದುಬೈಯಲ್ಲಿ ಸೈಕಲ್ ಬಿಚ್ಚಿ ಜೋಡಿಸಿದವನ ಹತ್ತಿರ ಸಿಂಪಲ್ ಆನ್ಸರ್ ಬೇಕಂತೆ! “ನಾಳೆ ಹೇಳ್ತೇನೆ” ಎಂದು ಫೋನ್ ಇಟ್ಟೆ. ಆ ನಾಳೆ ಇನ್ನೂ ಬಂದಿಲ್ಲ. ಬಾಯಲ್ಲಿ ಹೇಳಲಿಕ್ಕೆ ಆಗದ ಕಾರಣ ಬರೆಯುತ್ತಿದ್ದೇನೆ. ಅವಳಿಗೂ ಆಯಿತು, ಈ ಕೆಲಸಕ್ಕೆ ಇಳಿಯುವ ಬೇರೆಯವರಿಗೂ ಆಯಿತು.

ಕೆಲಸ ಬಿಟ್ಟು ಬಂದವರು ಬರೆಯಲು ಕೂತರೆ ತಾವು ಹೇಗೆ ಮೇಲೆ ಬಂದೆವು ಎಂದು ಬರೆಯುತ್ತಾರೆ. ನಾನೂ ಮೇಲೆ ಬಂದವನೇ. ಕೊನೆಯ ಆರು ವರ್ಷ ನಾನು ವರ್ಕ್‌ಶಾಪಿನ ಫೋರ್‌ಮನ್. ಅದು ಹೇಗೆ ಸಿಕ್ಕಿತೆಂದು ಓದುತ್ತ ಹೋದ ಹಾಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಯಾರೂ ಕಂಗ್ರಾಟ್ಸ್ ಹೇಳುವುದು ಬೇಡ.

ನಮ್ಮ ಮೊದಲ ಅಂಗಡಿ ಇದ್ದದ್ದು ದುಬೈಯ ಸತ್ವಾ ಎಂಬ ಹಳೇ ಪೇಟೆಯಲ್ಲಿ, ಟೈಲರ್‌ಗಳ ಸಾಲಿನ ಹಿಂದೆ. ಒಂದು ಪಕ್ಕದಲ್ಲಿ ಎಸಿ ರಿಪೇರಿಯವರು, ಇನ್ನೊಂದು ಪಕ್ಕದಲ್ಲಿ ಕಾರ್ ಗ್ಯಾರೇಜು. ಬರುವ ಸೈಕಲುಗಳು ಗ್ರೋಸರಿಯವು, ಲಾಂಡ್ರಿಯವು; ಹಿಂದೆ ಕ್ರೇಟ್ ಕಟ್ಟಿಕೊಂಡು ನೀರಿನ ಬಾಟಲಿ, ಕುಬ್ಬೂಸ್ ರೊಟ್ಟಿ, ಇಸ್ತ್ರಿ ಬಟ್ಟೆ ಹೊರುವ ಜಾತಿ. ಅಲ್ಲಿ ನನಗಿಂತ ಮೊದಲೇ ಇದ್ದವರು ಹಸನಾಕ. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಹೆಸರು ಹಸನ್, ಹಿರಿಯರೆಂದು ಎಲ್ಲರೂ ‘ಆಕ’ ಸೇರಿಸಿ ಕರೆಯುತ್ತಿದ್ದರು, ಕೊಂಕಣಿ ಕ್ರಿಶ್ಚಿಯನ್ ಆದ ನಾನೂ ಹಾಗೇ ಕರೆದೆ. ಅವರು ನನ್ನನ್ನು ಕರೆಯುವುದು “ಫೆಲಿಕ್ಸಾ” ಎಂದು ಎಳೆದು.

ಬಾಗಿಲಿನ ಹತ್ತಿರ ಒಂದು ಕೈಪಂಪನ್ನು ಸರಪಳಿ ಹಾಕಿ ಕಟ್ಟಿದ್ದರು. ಯಾರು ಬೇಕಾದರೂ ಬಂದು ಗಾಳಿ ಹೊಡೆದುಕೊಂಡು ಹೋಗಬಹುದು, ಕೇಳುವುದೂ ಬೇಡ. ಅದರ ಒಳಗಿನ ಚರ್ಮದ ವಾಷರ್ ಒಣಗಿದರೆ ಪಂಪು ಗಾಳಿ ಹಿಡಿಯುವುದಿಲ್ಲ. ದುಬೈಯ ಸೆಕೆಗೆ ಅದು ವಾರದಲ್ಲಿ ಒಣಗುತ್ತದೆ. ಹಸನಾಕ ಪ್ರತಿ ಶನಿವಾರ ಪಂಪು ಬಿಚ್ಚಿ, ವಾಷರಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಎಣ್ಣೆ ಊರಿನದ್ದೇ ಆಗಬೇಕು. ತಲೆಗೆ ಹಾಕಲು ಹೆಂಡತಿ ಕೊಟ್ಟು ಕಳಿಸಿದ ಎಣ್ಣೆ ಅದು, ಅರ್ಧ ಪಂಪಿಗೆ ಹೋಗುತ್ತಿತ್ತು. “ನನ್ನ ತಲೆಯಲ್ಲಿ ಕೂದಲು ಎಲ್ಲಿ ಉಂಟು ಮಾರಾಯ, ಪಂಪಿಗಾದ್ರೂ ಆಗ್ಲಿ,” ಎನ್ನುತ್ತಿದ್ದರು.

ಅವರು ಗಾಳಿ ಹಾಕುವುದನ್ನು ನೋಡಬೇಕಿತ್ತು. ಹತ್ತು ಸಲ ಹೊಡೆಯುವುದು, ನಿಲ್ಲಿಸುವುದು. ಚಕ್ರ ಎತ್ತಿ ತಿರುಗಿಸಿ ನೋಡುವುದು. ಟಯರಿನ ಅಂಚಿನಲ್ಲಿ ರಿಮ್ಮಿಗೆ ಸಮನಾಗಿ ಒಂದು ತೆಳು ಗೆರೆ ಸುತ್ತ ಬಂದಿರುತ್ತದೆ. ಆ ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿ ಕಾಣಬೇಕು. ಒಂದು ಕಡೆ ಮೇಲೆ ಎದ್ದಿದ್ದರೆ ಒಳಗಿನ ಟ್ಯೂಬು ಟಯರಿನ ಅಡಿಗೆ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆಗ ಗಾಳಿ ಬಿಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಸರಿ ಮಾಡಿ ಮತ್ತೆ ಹೊಡೆಯಬೇಕು. ಹಾಗೆಯೇ ಬಿಟ್ಟರೆ ಟಯರು ಆಗಲೇ ಸಿಡಿಯುವುದಿಲ್ಲ. ಮರುದಿನ, ನಡುದಾರಿಯಲ್ಲಿ, ಜೋರು ಹೋಗುವಾಗ ಸಿಡಿಯುತ್ತದೆ.

“ಪಂಪ್ ಯಾಕೆ ಒಳ್ಳೇದು ಗೊತ್ತುಂಟಾ ಫೆಲಿಕ್ಸಾ? ಅದು ತಡ ಮಾಡ್ತದೆ,” ಎನ್ನುತ್ತಿದ್ದರು ಹಸನಾಕ. “ಕೈ ಬಚ್ಚಿ, ಸೋತು ನಿಲ್ಸಿದಾಗ ಕಣ್ಣಿಗೆ ನೋಡ್ಲಿಕ್ಕೆ ಟೈಮ್ ಸಿಗ್ತದೆ.”

ನನಗೆ ಆಗ ಇದೆಲ್ಲ ಮುದುಕರ ಪುರಾಣ. ಒಂದು ದಿನ ಅವರು ಊಟಕ್ಕೆ ಹೋಗಿದ್ದಾಗ, ಯಾರು ಈ ಸೆಕೆಯಲ್ಲಿ ಪಂಪು ಹೊಡೆಯುವುದೆಂದು, ಒಂದು ಗ್ರೋಸರಿ ಸೈಕಲನ್ನು ಪಕ್ಕದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಕಾರಿಗೆ ಗಾಳಿ ಹಾಕುವ ಪೈಪನ್ನು ಸೈಕಲಿನ ಬಾಯಿಗೆ ಇಟ್ಟೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಢಂ! ಎಸಿ ರಿಪೇರಿಯವರು ಗ್ಯಾಸ್ ಸಿಲಿಂಡರ್ ಹೋಯಿತೆಂದು ರಸ್ತೆಗೆ ಓಡಿಬಂದರು. ನನಗೆ ಎರಡು ದಿನ ಎಡ ಕಿವಿ ಕೇಳಲಿಲ್ಲ. ಹಸನಾಕ ಬಂದು, ನೆಲದಲ್ಲಿ ಬಿದ್ದ ಟಯರನ್ನೂ ನನ್ನ ಮುಖವನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಂಗಡಿಯ ಮಾಲೀಕರಿಗೆ, ಅಂದರೆ ಮೊದಲಾಳಿಗೆ, ತಮ್ಮ ಕೈಯಿಂದ ಆದದ್ದೆಂದು ಹೇಳಿದರು. ಅದನ್ನು ನಾನು ಆಗ ದೊಡ್ಡ ವಿಷಯವೆಂದು ತಿಳಿಯಲಿಲ್ಲ.

ಎರಡು ಸಾವಿರದ ಹತ್ತು ದಾಟಿದ ಮೇಲೆ ದುಬೈಗೆ ಸೈಕಲಿನ ಹುಚ್ಚು ಹಿಡಿಯಿತು. ಮರುಭೂಮಿಯ ನಡುವೆ ಸೈಕಲಿಗೆಂದೇ ಟ್ರ್ಯಾಕ್ ಹಾಕಿದರು. ಸೂರ್ಯ ಏಳುವ ಮೊದಲೇ ಸಾಹೇಬರೂ ಮೇಡಮ್ಮುಗಳೂ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಅಲ್ಲಿಗೆ ಹೋಗತೊಡಗಿದರು. ನಮ್ಮ ಅರ್ಬಾಬ್, ಅಂದರೆ ಅಂಗಡಿಯ ಅರಬ್ಬಿ ಮೊದಲಾಳಿ, ಸತ್ವಾದ ಅಂಗಡಿ ಮುಚ್ಚಿ ದೊಡ್ಡ ರಸ್ತೆಗೆ ಶೋರೂಮ್ ಮಾಡಿದರು. ಮ್ಯಾನೇಜರ್ ಆಗಿ ಬಂದವನು ರೋಶನ್. ನನ್ನದೇ ಇಗರ್ಜಿಯ, ಅಂದರೆ ನಮ್ಮೂರ ಚರ್ಚಿನ, ಹುಡುಗ, ಅವನ ಅಪ್ಪನೂ ನಾನೂ ಒಂದೇ ಬೆಂಚಿನಲ್ಲಿ ಕೂತವರು. ಅವನು ನನ್ನ ಹತ್ತಿರ ಮಾತಾಡುವುದು ಕೊಂಕಣಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನು ಬಂದ ತಿಂಗಳಲ್ಲೇ ನಮಗೆಲ್ಲ ಕಪ್ಪು ಟೀ ಶರ್ಟ್, ಪ್ರತಿ ಸೈಕಲಿಗೊಂದು ಜಾಬ್ ಕಾರ್ಡ್, ಮತ್ತು ಒಂದು ಕಂಪ್ರೆಸರು.

ಒಳ್ಳೆಯ ಕಂಪ್ರೆಸರೇ. ಯಂತ್ರ ಹಿಂದಿನ ಕೋಣೆಯಲ್ಲಿ. ಪೈಪು ಸೀಲಿಂಗಿನಿಂದ ಇಳಿದು ಬರುವುದು, ಬಿಟ್ಟರೆ ತಾನೇ ಮೇಲೆ ಹೋಗುವುದು. ಎಷ್ಟು ಗಾಳಿ ಬೇಕೋ ಅಷ್ಟನ್ನು ಮೊದಲೇ ನಂಬರಿನಲ್ಲಿ ಕೊಟ್ಟರೆ ಅಲ್ಲಿಗೆ ನಿಲ್ಲುವುದು. ಟ್ಯೂಬಿಲ್ಲದ ಟಯರುಗಳನ್ನು ರಿಮ್ಮಿಗೆ ಕೂರಿಸಲು ಒಂದೇ ಏಟಿಗೆ ಗಾಳಿ ನುಗ್ಗಬೇಕು, ಅದು ಸಾದಾ ಕೈಪಂಪಿನಲ್ಲಿ ಆಗುವ ಕೆಲಸವಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ ಶರಲ್, ಸಿಟ್ಟು ಬೇರೆಯವರ ಮೇಲೆ.

ಹಸನಾಕ ತಮ್ಮ ಪಂಪನ್ನು ಹೊಸ ಅಂಗಡಿಗೂ ತಂದಿದ್ದರು. ರೋಶನ್ ನೋಡಿ ಮುಖ ಕಿವುಚಿದ.

“ಇದೆಂತ ಹಸನ್ ಭಾಯ್? ಕಸ್ಟಮರ್ ನೋಡಿದ್ರೆ ಎಂತ ಹೇಳಿಯಾರು? ಮ್ಯೂಸಿಯಂ ಅಲ್ಲ ಇದು.”

“ಗಾಳಿ ಹಾಕ್ಲಿಕ್ಕೆ ಸರ್.”

“ಗಾಳಿಗೆ ಮೇಲೆ ಪೈಪ್ ಉಂಟಲ್ಲ. ಯಲ್ಲಾ, ಬೇಗ ಇದನ್ನು ತೆಗೀರಿ.”

ಹಸನಾಕ ನನ್ನ ಕಡೆ ನೋಡಿದರು. ಅದೇ ವಾರ ಅಂಗಡಿಗೆ ಬಂದ ಅರ್ಬಾಬ್, ಇನ್ನೂ ಅಲ್ಲೇ ಇದ್ದ ಪಂಪನ್ನು ನೋಡಿ, “ಪಂಪು ಬೇಕೋ ಬೇಡವೋ, ನೀನು ಹೇಳು ಫೆಲಿಕ್ಸ್,” ಎಂದು ನನ್ನನ್ನೇ ಕೇಳಿದರು. ನಾನು, “ಬೇಡ ಅರ್ಬಾಬ್, ಅದು ಹಳೇ ಕಾಲದ್ದು,” ಎಂದೆ. ರೋಶನ್ ತಲೆಯಾಡಿಸಿದ. ಹಸನಾಕ ಪಂಪನ್ನು ಬಟ್ಟೆಯಲ್ಲಿ ಸುತ್ತಿ ರೂಮಿಗೆ ಕೊಂಡುಹೋದರು. ನಾನು ಹಾಗೆ ಹೇಳಿದ್ದು ಯಾಕೆ? ಒಂದು, ನನಗೆ ಪಂಪು ಹೊಡೆಯಲು ನಿಜವಾಗಿಯೂ ಉದಾಸೀನ. ಎರಡು, ಫೋರ್‌ಮನ್ ಮಾಡುತ್ತಾರೆಂದು ಸುದ್ದಿ ಇತ್ತು.

ಇನ್ನು ಜಾಬ್ ಕಾರ್ಡಿನ ವಿಷಯ. ಪ್ರತಿ ಸೈಕಲಿಗೆ ಒಂದು ಕಾರ್ಡು, ಮಾಡಿದ ಕೆಲಸಕ್ಕೆಲ್ಲ ಟಿಕ್, ಕೆಳಗೆ ಮೆಕ್ಯಾನಿಕ್ಕಿನ ಹೆಸರು. ಎಲ್ಲ ಇಂಗ್ಲಿಷಿನಲ್ಲಿ. ಹಸನಾಕರಿಗೆ ಓದಲು ಬರುತ್ತಿದ್ದದ್ದು ಮದರಸಾದಲ್ಲಿ ಕಲಿತ ಅರಬಿ ಅಕ್ಷರ ಮತ್ತು ಅಲ್ಪಸ್ವಲ್ಪ ಕನ್ನಡ. ಆದುದರಿಂದ ಅವರ ಕಾರ್ಡುಗಳನ್ನೂ ನಾನೇ ಬರೆಯುತ್ತಿದ್ದೆ. ಅವರು ಕೆಲಸ ಮುಗಿಸಿ ಬಾಯಲ್ಲಿ ಹೇಳುವುದು, ನಾನು ಟಿಕ್ ಹಾಕುವುದು. ಆಮೇಲೆ ಆಮೇಲೆ ಅವರು ಹೇಳುವ ಮೊದಲೇ ಹಾಕಿಬಿಡುತ್ತಿದ್ದೆ. ಬೆಳಗ್ಗೆಯೇ ಕಾರ್ಡು ತುಂಬಿಸಿಟ್ಟು ಸಂಜೆವರೆಗೆ ಕೆಲಸ ಮಾಡಿದ ದಿನಗಳೂ ಇವೆ. ನಮ್ಮ ಕಡೆಯವರು ಎಲ್ಲಿ ಹೋದರೂ ಹೀಗೆಯೇ, ಕಾಗದ ಮೊದಲು ಸರಿ ಇರಬೇಕು.

ಆ ವರ್ಷ ಹಸನಾಕ ಬಹಳ ಖುಷಿಯಲ್ಲಿದ್ದರು. ಗಲ್ಫಿಗೆ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಹೆಂಡತಿ ಐಸಮ್ಮ ಒಮ್ಮೆಯೂ ದುಬೈ ಕಂಡವರಲ್ಲ. ಹತ್ತು ಜನರ ರೂಮಿನಲ್ಲಿ ಒಂದು ಮಂಚದ ಬೆಡ್‌ಸ್ಪೇಸಿನಲ್ಲಿ ಮಲಗುವ ಗಂಡಸು ಹೆಂಡತಿಯನ್ನು ಎಲ್ಲಿಗೆ ಕರೆಸುವುದು? ಆ ಸಲ ಸತ್ವಾದಲ್ಲಿ ಅವರ ಊರಿನ ಒಂದು ಫ್ಯಾಮಿಲಿ ಜುಲೈಗೆ ರಜೆಯಲ್ಲಿ ಹೋಗುವವರಿದ್ದರು, ರೂಮಿನ ಬೀಗದ ಕೈ ಒಂದು ತಿಂಗಳಿಗೆ ಕೊಡುತ್ತೇವೆಂದಿದ್ದರು. ವಿಸಿಟ್ ವೀಸಾಕ್ಕೆ ಕಾಗದ ಕೊಟ್ಟಾಗಿತ್ತು. ಹಸನಾಕ ನನ್ನನ್ನು ಆ ರೂಮು ನೋಡಲು ಕರೆದುಕೊಂಡು ಹೋದರು. ಹಳೇ ವಿಲ್ಲಾದ ಹಿಂದಿನ ರೂಮು, ಒಂದು ಕಿಟಕಿ.

“ಇಲ್ಲಿ ಕೂತ್ರೆ ಟೈಲರ್ ಅಂಗಡಿ ಕಾಣ್ತದೆ. ಅವಳಿಗೆ ಹೊತ್ತು ಹೋಗ್ತದೆ ಅಲ್ವಾ?” ಎಂದರು. ಆಮೇಲೆ ದೇರಾ ಮಾರ್ಕೆಟಿನಿಂದ ತಂದ ಎರಡು ಹೊಸ ತಲೆದಿಂಬು ತೋರಿಸಿದರು, ಕೆಂಪು ಹೂವಿನ ಕವರು. “ನಾನು ಇಷ್ಟು ವರ್ಷ ಹೇಗಿದ್ದೆ ಅಂತ ಅವಳು ಒಮ್ಮೆ ನೋಡ್ಬೇಕು ಫೆಲಿಕ್ಸಾ. ಹೇಳಿದ್ರೆ ನಂಬುದಿಲ್ಲ. ಅರಮನೆಯಲ್ಲಿ ಇದ್ದೇನೆ ಅಂತ ಎಣಿಸಿದ್ದಾಳೆ.”

ಮೇ ತಿಂಗಳ ಒಂದು ಗುರುವಾರ. ಮರುದಿನ ಶುಕ್ರವಾರ ರಜೆ, ಬೆಳಗ್ಗೆ ಟ್ರ್ಯಾಕಿನಲ್ಲಿ ಒಂದು ಗುಂಪು ಸವಾರಿ ಇತ್ತು. ಎಂಟು ಸೈಕಲ್ ಸಂಜೆಯೊಳಗೆ ತಯಾರಾಗಬೇಕು. ರೋಶನ್ ಹತ್ತು ನಿಮಿಷಕ್ಕೊಮ್ಮೆ ಬಂದು ವಾಚು ನೋಡುತ್ತಿದ್ದ. ಹಸನಾಕ ಒಂದು ಶಾಲೆಯ ಟೀಚರಮ್ಮನ ಸೈಕಲಿಗೆ ಹೊಸ ಟಯರು, ಹೊಸ ಟ್ಯೂಬು ಏರಿಸಿ ಮುಗಿಸುವಾಗ ಸಂಜೆಯ ಮಗ್ರಿಬ್ ಬಾಂಗ್ ಆಯಿತು.

“ಫೆಲಿಕ್ಸಾ, ಮುಂದಿನ ಚಕ್ರಕ್ಕೆ ಗಾಳಿ ಹಾಕ್ಲಿಲ್ಲ. ನಾನು ನಮಾಜ್ ಮಾಡಿ ಬಂದು ಹಾಕ್ತೇನೆ. ಮುಟ್ಬೇಡ,” ಎಂದು ಹೋದರು.

ಅವರು ಹೋದದ್ದೇ ರೋಶನ್ ಬಂದ. “ಇದು ಯಾಕೆ ಇನ್ನೂ ಇಲ್ಲೇ ಉಂಟು? ಅವರ ಗಂಡ ಹೊರಗೆ ಕಾರಲ್ಲಿ ಕಾಯ್ತಿದ್ದಾರೆ.”

“ಐದು ನಿಮಿಷ. ಹಸನಾಕ ಬರ್ಲಿ.”

“ನಿಮಗೆ ಕೈ ಇಲ್ವಾ ಫೆಲಿಕ್ಸ್ ಅಂಕಲ್?”

ನಾನು ಪೈಪು ಎಳೆದು, ನಂಬರ್ ಕೊಟ್ಟು, ಚಕ್ರದ ಬಾಯಿಗೆ ಇಟ್ಟೆ. ನಾಲ್ಕು ಸೆಕೆಂಡಿನಲ್ಲಿ ಟಯರು ಕಲ್ಲಿನ ಹಾಗೆ ಆಯಿತು. ಕಾರ್ಡಿನಲ್ಲಿ ಹಸನ್ ಎಂಬ ಹೆಸರೂ ಎಲ್ಲ ಟಿಕ್ಕುಗಳೂ ಬೆಳಗ್ಗೆಯೇ ಬಿದ್ದಿದ್ದವು. ಸೈಕಲನ್ನು ಬಾಗಿಲಿಗೆ ತಳ್ಳುತ್ತಿದ್ದಾಗ ಹಸನಾಕ ನಮಾಜಿನ ಟೊಪ್ಪಿಯನ್ನು ಮಡಚಿಕೊಳ್ಳುತ್ತ ಒಳಗೆ ಬಂದರು.

“ಗಾಳಿ ಹಾಕಿದ್ಯಾ?”

“ಹಾಂ, ಆಯ್ತು.”

“ತಿರುಗಿಸಿ ನೋಡಿದ್ಯಾ?”

“ನೋಡಿದೆ ಹಸನಾಕ,” ಎಂದೆ. ನೋಡಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿದ್ದಲ್ಲ.

ಶುಕ್ರವಾರ ಬೆಳಗ್ಗೆ ಟ್ರ್ಯಾಕಿನಲ್ಲಿ ಆ ಟಯರು ರಿಮ್ಮಿನಿಂದ ಹೊರಗೆ ಬಂದು ಸಿಡಿಯಿತು. ಟೀಚರಮ್ಮ ಮುಖ ಅಡಿಯಾಗಿ ಬಿದ್ದರು. ಹೆಗಲ ಮೂಳೆ ಮುರಿಯಿತು, ಹಲ್ಲು ಎರಡು ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ. ಶನಿವಾರ ಅವರ ಗಂಡ ಆ ಚಕ್ರವನ್ನು ತಂದು ಕೌಂಟರಿನ ಮೇಲೆ ಇಟ್ಟರು.

ರೋಶನ್ ನಮ್ಮಿಬ್ಬರನ್ನು ತನ್ನ ಗಾಜಿನ ಕ್ಯಾಬಿನ್ನಿಗೆ ಕರೆದ. ಮೇಜಿನ ಮೇಲೆ ಟ್ಯೂಬು ಇತ್ತು, ಅದರಲ್ಲಿ ಒಂದು ಗೇಣು ಉದ್ದದ ಸೀಳು. ಮುಳ್ಳು ಹೊಕ್ಕರೆ ತೂತು ಆಗುತ್ತದೆ. ಸೀಳು ಆಗುವುದು ಟ್ಯೂಬು ಟಯರಿನ ಅಡಿಗೆ ಸಿಕ್ಕಿಕೊಂಡಿದ್ದರೆ ಮಾತ್ರ. ಅದು ಈ ಕೆಲಸದವರಿಗೆ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಹಸನಾಕ ಮುಟ್ಟಿ ನೋಡಿ ಕೈ ಹಿಂದೆ ತೆಗೆದರು.

“ಕಾರ್ಡಲ್ಲಿ ನಿಮ್ಮ ಹೆಸರು ಉಂಟು ಹಸನ್ ಭಾಯ್,” ಎಂದ ರೋಶನ್.

“ಟಯರ್ ಹಾಕಿದ್ದು ನಾನು ಸರ್. ಅದು ಹೌದು. ಗಾಳಿ ಹಾಕಿದ್ದು ನಾನಲ್ಲ. ಗಾಳಿ ಹಾಕುವಾಗ ನೋಡಿದ್ರೆ ಇದು ಕಾಣ್ತಿತ್ತು. ಫೆಲಿಕ್ಸಿಗೆ ಕೇಳಿ.”

ರೋಶನ್ ನನ್ನ ಕಡೆ ತಿರುಗಿದ. ಅವನಿಗೆ ಗೊತ್ತಿತ್ತು. ಪೈಪು ಎಳೆಯುವಾಗ ಪಕ್ಕದಲ್ಲಿ ನಿಂತು ವಾಚು ನೋಡಿದವನು ಅವನೇ. ನಾನು ಸತ್ಯ ಹೇಳಿದರೆ ಅವನ ಅವಸರವೂ ಹೊರಗೆ ಬರುತ್ತಿತ್ತು. ಅವನು ಕೇಳಿದ್ದು ಇಷ್ಟೇ: “ಮಿಸ್ಟರ್ ಫೆಲಿಕ್ಸ್, ಕಾರ್ಡ್ ಸರಿ ಉಂಟಾ, ಇಲ್ವಾ?”

ಅಂಕಲ್ ಹೋಗಿ ಮಿಸ್ಟರ್ ಆಗಿದ್ದೆ. ನನಗೆ ಹೆದರಿಕೆಯಾಯಿತು. ಯಾವ ಹೆದರಿಕೆ ಎಂದು ಬಿಡಿಸಿ ಹೇಳಲಿ? ವೀಸಾ ಹೋಗುತ್ತದೆ, ಸಿಗಲಿರುವ ಫೋರ್‌ಮನ್ ಕೆಲಸ ತಪ್ಪುತ್ತದೆ, ಊರಿನಲ್ಲಿ ಮುಖ ತೋರಿಸಲಿಕ್ಕೆ ಆಗುವುದಿಲ್ಲ ಎಂಬ ಹೆದರಿಕೆ. ಮಾನ ಹೋಗುತ್ತದೆಂದು ಹೆದರಿ ಅಲ್ಲಿಯೇ ಮಾನ ಕಳೆದುಕೊಂಡೆ.

“ಕಾರ್ಡಲ್ಲಿ ಎಂತ ಉಂಟೋ ಅದೇ ಸರ್,” ಎಂದೆ.

ಹಸನಾಕ ನನ್ನ ಮುಖವನ್ನು ನೋಡಿದರು. ಕಾರ್ಡು ತೆಗೆದು, ತಮಗೆ ಓದಲು ಬಾರದ ಆ ಟಿಕ್ಕುಗಳನ್ನೂ ನೋಡಿದರು. “ಖಲಾಸ್,” ಎಂದು ಅದನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದರು.

ಅವರ ವೀಸಾ ಕ್ಯಾನ್ಸಲ್ ಆಯಿತು. ಅರವತ್ತು ಹತ್ತಿರವಾದವನನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ? ಜೂನ್ ಮುಗಿಯುವ ಮೊದಲೇ ಅವರು ದೇಶ ಬಿಡಬೇಕಾಯಿತು. ಜುಲೈಯಲ್ಲಿ ಆ ಫ್ಯಾಮಿಲಿ ರಜೆಗೆ ಹೋಯಿತು, ರೂಮಿಗೆ ಒಂದು ತಿಂಗಳು ಬೀಗ ಬಿದ್ದಿತ್ತು. ನಾನು ಬಸ್ಸಿಗೆ ಹೋಗುವ ದಾರಿ ಆ ವಿಲ್ಲಾದ ಎದುರೇ. ದಿನಾ ಬೇರೆ ಬೀದಿಯಿಂದ ಸುತ್ತಿಕೊಂಡು ಹೋದೆ.

ಆಗಸ್ಟಿನಲ್ಲಿ ನನ್ನನ್ನು ಫೋರ್‌ಮನ್ ಮಾಡಿದರು. ಕಾರ್ಡಿನಲ್ಲಿ ಹೊಸದಾಗಿ ಒಂದು ಚೌಕ ಸೇರಿತು: ಗಾಳಿ ಹಾಕಿದ ಮೇಲೆ ಚಕ್ರ ತಿರುಗಿಸಿ ನೋಡಿದ್ದೀರಾ? ಅದಕ್ಕೂ ಹುಡುಗರು ಬೆಳಗ್ಗೆಯೇ ಟಿಕ್ ಹಾಕಿಡುತ್ತಿದ್ದರು. ಹಾಕಬೇಡಿ ಎಂದು ಬೈಯಲು ನನಗೆ ಯಾವ ಬಾಯಿ? ಎರಡು ವರ್ಷ ಕಳೆದು ರೋಶನ್ ಜರ್ಮನಿಯ ಕೈಪಂಪುಗಳನ್ನು ತರಿಸಿದ. ಮರದ ಹಿಡಿ, ಕೆಳಗೆ ಗಡಿಯಾರದ ಹಾಗೆ ಮೀಟರು. ಅದನ್ನು ಶೋರೂಮಿನ ನಡುವೆ ದೀಪದ ಅಡಿಯಲ್ಲಿ ಇಟ್ಟು, “ಒಳ್ಳೇ ರೈಡರ್ಸ್ ಎಲ್ಲ ಕೈಯಲ್ಲೇ ಹೊಡೆಯುದು ಸರ್, ಟಯರನ್ನು ಫೀಲ್ ಮಾಡ್ಬೇಕು,” ಎಂದು ಗಿರಾಕಿಗಳಿಗೆ ಪಾಠ ಮಾಡುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎನ್ನುತ್ತಿದ್ದೆ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಒಂದು ವರ್ಷ ಧೈರ್ಯ ಬರಲಿಲ್ಲ. ಶರಲ್ ಫೋನ್ ಮಾಡಿದ ಮರುದಿನ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ಕೇಳಿ ಕೇಳಿ ಮನೆ ಸಿಕ್ಕಿತು. ಜಗಲಿಯಲ್ಲಿ ಐಸಮ್ಮನವರಿದ್ದರು. ಹಸನಾಕ ಅಸರ್ ನಮಾಜಿಗೆ ಹೋಗಿದ್ದರು. ನನ್ನ ಹೆಸರು ಹೇಳಿದ್ದೇ ತಡ, ಐಸಮ್ಮನವರ ಮುಖ ಅರಳಿತು.

“ಅಲ್ಲಾ, ಫೆಲಿಕ್ಸ್ ಅಂದ್ರೆ ನೀವಾ! ಬನ್ನಿ, ಕೂತ್ಕೊಳ್ಳಿ. ನೀವು ಕಾರ್ಡ್ ಬರೆದುಕೊಡ್ತಿದ್ದದ್ದಲ್ವಾ? ಇವರು ಯಾವಾಗ್ಲೂ ಹೇಳ್ತಿದ್ರು. ಓದು ಬಾರದ ನನ್ನ ಕೆಲಸ ಅಲ್ಲಿ ನಡೆದದ್ದು ಫೆಲಿಕ್ಸಿನಿಂದ ಅಂತ.”

ಚಾ ತಂದರು, ಅಕ್ಕಿಯ ಬಿಸಿ ಪತ್ತಿರ್ ರೊಟ್ಟಿ ತಂದರು. ಕುರ್ಚಿಗೆ ಒರಗಲು ಒಂದು ದಿಂಬು ಕೊಟ್ಟರು. ಬಣ್ಣ ಮಾಸಿದ ಕೆಂಪು ಹೂವಿನ ಕವರು. ನಾನು ಒರಗಲಿಲ್ಲ.

“ಒಂದು ಕೇಳ್ತೇನೆ,” ಎಂದರು. “ನಮಗೆ ಅಂತ ಒಂದು ರೂಮ್ ನೋಡಿದ್ರಂತಲ್ಲ, ಅದರ ಕಿಟಕಿಯಲ್ಲಿ ಎಂತ ಕಾಣ್ತಿತ್ತು? ಇವರಿಗೆ ಕೇಳಿದ್ರೆ, ಬಿಡು ಮಾರಾಯ್ತಿ, ಎಂತ ಇಲ್ಲ ಅಂತಾರೆ.”

“ಟೈಲರ್ ಅಂಗಡಿ,” ಎಂದೆ. “ನಾಲ್ಕು ಮಿಷನ್ ಇತ್ತು. ಬಣ್ಣ ಬಣ್ಣದ ಬಟ್ಟೆ ನೇತು ಹಾಕ್ತಿದ್ರು.”

“ಹೌದಾ? ಹೊತ್ತು ಹೋಗ್ತಿತ್ತು,” ಎಂದು ನಕ್ಕರು.

ಅಷ್ಟರಲ್ಲಿ ಹಸನಾಕ ಬಂದರು. ಬೆನ್ನು ಬಾಗಿತ್ತು. ಮೆಟ್ಟಿಲಿನಲ್ಲೇ ನಿಂತು ನನ್ನನ್ನು ನೋಡಿದರು. ಯಾವಾಗ ಬಂದದ್ದು, ಮನೆಯಲ್ಲಿ ಹೇಗಿದ್ದಾರೆ, ಏನೂ ಇಲ್ಲ.

“ತಿರುಗಿಸಿ ನೋಡಿದ್ಯಾ ಅವತ್ತು?” ಎಂದು ಕೇಳಿದರು.

“ಇಲ್ಲ ಹಸನಾಕ.”

ಅವರು ತಲೆಯಾಡಿಸಿದರು. “ನನಗೆ ಗೊತ್ತಿತ್ತು. ಇವಳಿಗೆ ಗೊತ್ತಿಲ್ಲ. ನಾನು ಹೇಳ್ಲಿಲ್ಲ. ನೀನೇ ಹೇಳು,” ಎಂದು ಜಗಲಿಯ ಇನ್ನೊಂದು ತುದಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು.

ಹೇಳಿದೆ. ಕಾರ್ಡು, ಮಗ್ರಿಬ್, ಪೈಪು, ಕ್ಯಾಬಿನ್ನು, ನಾನು ಹೇಳಿದ ಮಾತು, ಎಲ್ಲ ಒಂದೊಂದಾಗಿ. ಐಸಮ್ಮನವರು ಕಂಬ ಹಿಡಿದುಕೊಂಡು ನಿಂತೇ ಕೇಳಿದರು. ನನಗೆ ಬೈಗುಳ ಬೇಕಿತ್ತು. ಅವರು ಬೈಯಲಿಲ್ಲ.

ಶರಲ್, ಕಂಪ್ರೆಸರ್ ತೆಗೆದುಕೊಳ್ಳುತ್ತೀಯೋ ತೆಗೆದುಕೋ. ಪಂಪೂ ಒಂದು ಇಟ್ಟುಕೋ. ಯಾವುದರಲ್ಲಿ ಹಾಕಿದರೂ ಗಾಳಿ ಗಾಳಿಯೇ. ಐಸಮ್ಮನವರು ನನ್ನನ್ನು ಕೇಳಿದ್ದು ಒಂದೇ ಮಾತು, ನಿನಗೂ ಅದನ್ನೇ ಕೊಡುತ್ತಿದ್ದೇನೆ.

“ಆ ಚಕ್ರ ತಿರುಗಿಸಿ ನೋಡ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಅರ್ಧ ನಿಮಿಷ,” ಎಂದೆ.

ಅವರು ಬಗ್ಗಿ ನನ್ನ ಕುರ್ಚಿಯಿಂದ ಆ ದಿಂಬನ್ನು ತೆಗೆದುಕೊಂಡು ಒಳಗೆ ಹೋದರು.